ಏರಿನ ಪಾಲು

ವ್ಯಾನು ಏರು ಹತ್ತಿದಾಗಲೆಲ್ಲ ಜನ ಕೆಪಾಸಿಟರನ್ನು ಹೊಗಳುತ್ತಿದ್ದರು. ಕೇಳಿ ಕೇಳಿ ಅಕ್ಕನ ಹೊಟ್ಟೆ ಉರಿಯುತ್ತಿತ್ತು.

ಆ ಸಣ್ಣ ವರ್ಕ್‌ಶಾಪಿನಲ್ಲಿ ವಿದ್ಯುತ್ ವ್ಯಾನುಗಳಿಗೆ ಬ್ಯಾಟರಿ ಕಟ್ಟುವವಳು ಅಕ್ಕ. ದಿನವಿಡೀ ವ್ಯಾನು ಓಡುವುದು ಅದರಿಂದಲೇ. ಅದರ ಪಕ್ಕದಲ್ಲಿ ಕೆಪಾಸಿಟರ್ ಪೆಟ್ಟಿಗೆ ಕೂರಿಸಿದವಳು ತಂಗಿ. ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಅದು ಗಬಕ್ಕನೆ ನುಂಗಿಕೊಂಡು, ಏರಿನಲ್ಲಿ ಒಂದೇ ಉಸಿರಿಗೆ ಕೊಟ್ಟುಬಿಡುತ್ತದೆ; ಆಮೇಲೆ ಖಾಲಿ. ಮನೆಯಲ್ಲೂ ಹೀಗೇ ಅಲ್ಲವೇ? ಅಮ್ಮನ ಔಷಧಿ, ಆಸ್ಪತ್ರೆಯ ಓಡಾಟವೆಲ್ಲ ಅಕ್ಕನ ತಲೆಗೆ. ಯಾವಾಗಲೋ ಒಮ್ಮೆ ಹೂವು ಹಿಡಿದು ಬರುವ ತಂಗಿ ಮಾತ್ರ ಅಮ್ಮನ ಬಂಗಾರ.

ಈಗ ಮಾಲೀಕರು ವರ್ಕ್‌ಶಾಪಿಗೊಬ್ಬ ಮುಖ್ಯಸ್ಥೆಯನ್ನು ಆರಿಸುವವರಿದ್ದರು. ಸಾಮಾನು ತುಂಬಿದ ವ್ಯಾನು ಹಿಂದಿನ ಬೀದಿಯ ಏರು ಹತ್ತಿದ ಮೇಲೆ ಹೆಸರು ಹೇಳುತ್ತೇನೆ ಎಂದಿದ್ದರು. ಆ ಹೆಸರು ಯಾರದೆಂದು ಕಣಿ ಕೇಳಬೇಕಾಗಿರಲಿಲ್ಲ.

ತಂಗಿ ಚಹಾ ಕುಡಿಯಲು ಹೋದಾಗ ಅಕ್ಕ ಎರಡರ ಶಕ್ತಿಯನ್ನೂ ಹಂಚಿ ಕೊಡುವ ಕಂಟ್ರೋಲರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಏರಿನಲ್ಲಿ ಕೆಪಾಸಿಟರ್ ಕೊಡಬೇಕಾದ ಪಾಲನ್ನು ಸೊನ್ನೆಗೆ ಇಳಿಸಿದಳು. ಭಾರವೆಲ್ಲ ತನ್ನ ಬ್ಯಾಟರಿಯೇ ಹೊರಲಿ. ಆ ಪೆಟ್ಟಿಗೆ ಬರೀ ತೋರಿಕೆಯದೆಂದು ಎಲ್ಲರಿಗೂ ಗೊತ್ತಾಗಲಿ.

ವ್ಯಾನು ಅರ್ಧ ಏರಿನವರೆಗೆ ಜಂಬದಿಂದ ಹೋಯಿತು. ಅಲ್ಲಿ ಬ್ಯಾಟರಿ ವಿಪರೀತ ಬಿಸಿಯಾಗಿ, ತನ್ನ ಜೀವ ಉಳಿಸಿಕೊಳ್ಳಲು ತಾನೇ ಕರೆಂಟು ನಿಲ್ಲಿಸಿತು. ವ್ಯಾನು ಗಕ್ಕನೆ ನಿಂತಿತು.

"ಏನಮ್ಮಾ, ನಿನ್ನ ಬ್ಯಾಟರಿ ಕೈ ಕೊಡ್ತಲ್ಲ?" ಮಾಲೀಕರು ಅಕ್ಕನ ಕಡೆ ತಿರುಗಿದರು.

ತಂಗಿ ಆಗಲೇ ಬಾಗಿಲು ತೆಗೆದು ಕಂಟ್ರೋಲರಿನ ಪರದೆ ನೋಡುತ್ತಿದ್ದಳು. ಸೊನ್ನೆ ಕಣ್ಣಿಗೆ ಬಿತ್ತು. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಅವರಿಬ್ಬರಿಗೇ. ಅವಳು ತಲೆಯೆತ್ತಿ ನೋಡಿದಾಗ ಅಕ್ಕ ವ್ಯಾನಿನ ಚಕ್ರದ ಕಡೆ ಕಣ್ಣು ಹೊರಳಿಸಿದಳು.

"ಬ್ಯಾಟರಿದೇನೂ ತಪ್ಪಿಲ್ಲ ಸಾರ್," ಎಂದಳು ತಂಗಿ. "ನಾನೇ ಪಾಲು ತಪ್ಪಾಗಿ ಹಾಕ್ಬಿಟ್ಟಿದೀನಿ. ಅಕ್ಕಂಗೆ ಏನೂ ಅನ್ಬೇಡಿ."

ಮಾಲೀಕರು ಮುಖ ಗಂಟಿಕ್ಕಿದರು. "ಇಷ್ಟು ಉಡಾಫೆ ಮಾಡಿದ್ರೆ ನಿನ್ನ ಕೈಗೆ ವರ್ಕ್‌ಶಾಪ್ ಹೇಗಮ್ಮಾ ಕೊಡೋದು? ನಿಮ್ಮಕ್ಕನೇ ನೋಡ್ಕೊಳ್ಳಲಿ ಬಿಡು."

ಮೊದಲು ಚಪ್ಪಾಳೆ ತಟ್ಟಿದವಳು ತಂಗಿಯೇ. ಹತ್ತಿರ ಬಂದು, "ಸುಮ್ನೆ ಕೇಳಿದ್ರೆ ನಾನೇ ಬಿಟ್ಕೊಡ್ತಿದ್ನಲ್ಲೇ ಅಕ್ಕಾ," ಎಂದು ಪಿಸುಗುಟ್ಟಿ, ವ್ಯಾನು ತಳ್ಳಲು ಹೋದಳು. ಕೆಲಸದವರೆಲ್ಲ ಅವಳ ಹಿಂದೆ ಓಡಿದರು.

"ತಪ್ಪು ಒಪ್ಕೊಳ್ಳೋಕೂ ಗುಂಡಿಗೆ ಬೇಕು ನೋಡಿ," ಎಂದು ಮಾಲೀಕರೂ ಮೆಚ್ಚಿಕೊಂಡು ಅತ್ತಲೇ ನಡೆದರು.

ಹೊಸ ಮುಖ್ಯಸ್ಥೆ ರಸ್ತೆಯಂಚಿನಲ್ಲಿ ಒಬ್ಬಳೇ ನಿಂತು, ತಂಗಿಯ ಬೆನ್ನು ನೋಡುತ್ತಾ, ಮೊದಲಿಗಿಂತ ಹೆಚ್ಚು ಉರಿದಳು.