ಗುಬ್ಬಿಮರಿ ಬರುವ ಹೊತ್ತು

“ಹೆದರ್ಬೇಡ ಕಂದ, ನಾನಿದ್ದೀನಲ್ಲ. ನಿಧಾನಕ್ಕೆ ಹಿಂದೆ ಬಾ. ಹಾಂ, ಹಾಗೇ. ಜಾಣೆ ನೀನು.”

ಅಮ್ಮ ಇದನ್ನು ಹೇಳಿದ್ದು ಮಗಳಿಗಲ್ಲ. ಮಗಳು ಆಗಷ್ಟೇ ಕೆಲಸದಿಂದ ಬಂದು, ಹೆಗಲ ಚೀಲವನ್ನೂ ಇಳಿಸದೆ ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತೋಳಗಳ ಕಾಡಿನಲ್ಲಿ ದಿಕ್ಕುಗೆಟ್ಟ ಯಾವಳೋ ಹೊಸ ಆಟಗಾರ್ತಿಯನ್ನು ಕಾಪಾಡುತ್ತಿದ್ದಳು. ಅವಳಾರೋ, ಎಲ್ಲಿಯವಳೋ, ಹೆಣ್ಣು ಹೌದೋ ಅಲ್ಲವೋ, ದೇವರೇ ಬಲ್ಲ. ಅಂಥವಳಿಗೆ ‘ಕಂದ’. ಹುಟ್ಟಿದಾಗಿನಿಂದ ಒಮ್ಮೆಯಾದರೂ ಹಾಗೆ ಕರೆಸಿಕೊಂಡ ನೆನಪು ಮಗಳಿಗಿರಲಿಲ್ಲ.

“ಬಂದ್ಯಾ? ಅನ್ನ ಬಿಸಿ ಮಾಡ್ಕೊ,” ಎಂದಳು ಅಮ್ಮ, ತಿರುಗದೆ.

ಅಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದವಳು. ಊರಿನ ಅರ್ಧ ಜನ ಅವಳ ಪಕ್ಕದ ಸೀಟಿನಲ್ಲಿ ಕೂತು ಬೆವರಿದವರೇ. ಅವರೆಲ್ಲರ ಪಾಲಿಗೆ ಅವಳು ಬೆಣ್ಣೆ. ಗೋಡೆಗೆ ಗುದ್ದಿದವರಿಗೂ “ಪರವಾಗಿಲ್ಲ, ಗೋಡೆ ಅಲ್ಲೇ ಇತ್ತು, ನಾವೇ ಹತ್ತಿರ ಹೋದ್ವಿ” ಎನ್ನುತ್ತಿದ್ದಳು. ಮಗಳು ಕಲಿಯುವಾಗ ಮಾತ್ರ, “ಕ್ಲಚ್ ಬಿಡೋದು ನೋಡು, ಕತ್ತೆ ಒದ್ದ ಹಾಗೆ.” ಊರಿಗೆ ಉಪಕಾರಿ, ಮನೆಗೆ ಮಾರಿ. ಕೇಳಿದರೆ ಅದಕ್ಕೂ ಒಂದು ಸಿದ್ಧಾಂತ ಇಟ್ಟುಕೊಂಡಿದ್ದಳು: “ಬಾರದೋರಿಗೆ ಹೇಳ್ಬೇಕು. ಬರೋರಿಗೆ ಹೇಳೋದೇನಿದೆ?” ಲೈಸೆನ್ಸ್ ಕೈಗೆ ಬಂದ ಶಿಷ್ಯ ಎದುರಿಗೆ ಸಿಕ್ಕರೂ ಅವಳಿಗೆ ಹೆಸರು ಹೊಳೆಯುತ್ತಿರಲಿಲ್ಲ.

ಮಂಡಿ ಸವೆದು ಕ್ಲಚ್ ಒತ್ತಲಾರದೆ ಮನೆ ಹಿಡಿದ ಮೇಲೆ ಅಮ್ಮ ಮಂಕಾದಳು. ಆಗ ಅವಳಿಗೆ ಈ ಆಟದ ಹುಚ್ಚು ಹಿಡಿಸಿದ್ದು ಮಗಳೇ. ಎಲ್ಲೆಲ್ಲಿಯದೋ ಜನ ತಂತಮ್ಮ ಮನೆಯಲ್ಲೇ ಕೂತು, ಒಂದೇ ಮಾಯಾಲೋಕದಲ್ಲಿ ವೇಷ ಕಟ್ಟಿಕೊಂಡು ಅಲೆಯುವ, ಗುಂಪು ಕೂಡಿ ಡ್ರ್ಯಾಗನ್ ಹೊಡೆಯುವ ಆಟ. ಅಲ್ಲಿ ಮಗಳ ಹೆಸರು ಸಿಡಿಲಕ್ಕ. ಮೈತುಂಬ ಕಬ್ಬಿಣದ ಕವಚ, ಆಳೆತ್ತರದ ಕತ್ತಿ. ಅಮ್ಮ ದೀಪದಮ್ಮ. ಅವಳು ಹೊಡೆಯುವವಳಲ್ಲ, ಗಾಯಗೊಂಡವರ ಮೇಲೆ ದೀಪ ಎತ್ತಿ ಹಿಡಿದು ಜೀವ ತುಂಬುವವಳು. ಮೌಸ್ ಹಿಡಿಯಲು ಬಾರದಿದ್ದವಳು ಆರು ತಿಂಗಳಲ್ಲಿ ತಂಡಕ್ಕೆಲ್ಲ ಅಮ್ಮನಾದಳು. ಸಿಡಿಲಕ್ಕನ ಮೇಲೆ ಮಾತ್ರ ಆ ದೀಪದ ಬೆಳಕು ಎಲ್ಲರಿಗಿಂತ ಕೊನೆಗೆ ಬೀಳುತ್ತಿತ್ತು. ಒಮ್ಮೆ ಮಗಳು ಬಾಯಿಬಿಟ್ಟು ಕೇಳಿದ್ದಳು, ಅಮ್ಮ ಆಟದಲ್ಲಿ ರೇಷ್ಮೆ ಹುಳು ಹುಡುಕಿ ನೇಯುತ್ತಿದ್ದ ಹಸಿರು ನಿಲುವಂಗಿ ತನಗೆ ಬೇಕೆಂದು.

“ನಿನಗ್ಯಾಕೆ? ಕವಚ ಇದೆಯಲ್ಲ,” ಎಂದಿದ್ದಳು ಅಮ್ಮ.

ಹೊಟ್ಟೆಕಿಚ್ಚು ಎಂದರೆ ಅದೇ. ಬೇರೆ ಹೆಸರು ಕೊಟ್ಟು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೀಸೆಯೊಂದು ಮಾತ್ರ ಇಲ್ಲದ ಮಗಳು, ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ನಡೆಸುವವಳು, ತೋಳಕ್ಕೆ ಹೆದರಿ ಅಳುವ ಯಾರದೋ ಗೊಂಬೆಯನ್ನು ಕಂಡು ಕರುಬುತ್ತಿದ್ದಳು. ಮೀಸೆ ಅಂದದ್ದು ತಮಾಷೆಗಲ್ಲ. “ನನ್ನ ಮಗಳಲ್ಲ ಅದು, ಮೀಸೆ ಇಲ್ಲದ ಮಗ” ಎಂದು ಅಮ್ಮನೇ ಎಲ್ಲರ ಮುಂದೆ ಹೇಳುತ್ತಿದ್ದುದು. ಕೇಳಿದವರು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದರು.

ಲ್ಯಾಬಿನಲ್ಲಿ ಹಲ್ಲಿನ ಆಕಾರ ತಿದ್ದಲು ಒಂದು ಒಳ್ಳೆಯ ಕಂಪ್ಯೂಟರ್ ಇತ್ತು. ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದಾಗ, ಯಾರದೋ ಕೋರೆಹಲ್ಲನ್ನು ಪರದೆಯ ಮೂಲೆಗೆ ಸರಿಸಿ ಮಗಳು ಆಟದಲ್ಲಿ ಹೊಸದೊಂದು ವೇಷ ಕಟ್ಟಿದಳು. ಮೋಟು ಜಡೆ, ಬರಿಗಾಲು, ಕೈಯಲ್ಲಿ ಒಂದು ಕೋಲು. ಹೆಸರು ಗುಬ್ಬಿಮರಿ. ಆ ಹೊತ್ತಿಗೆ ಅಮ್ಮ ಕಾಡಿನಂಚಿನ ಸೇತುವೆಯ ಬಳಿ ಇರುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಲ್ಲಿಗೆ ಹೋಗಿ ಬೇಕೆಂದೇ ನೀರಿಗೆ ಬಿದ್ದಳು.

ಬರುವವಳು ಬಾರದವಳಂತೆ ನಟಿಸುವುದು ಸುಲಭವಲ್ಲ. ಏಳು ತಲೆಯ ಹಾವನ್ನು ಕೊಂದವಳು ಒಂದು ನರಿಗೆ ಬೆನ್ನು ಕೊಟ್ಟು ಓಡಬೇಕಿತ್ತು. ಮೈಕ್ ಕೆಟ್ಟಿದೆ ಎಂದು ಟೈಪ್ ಮಾಡಿದಳು. ಅಮ್ಮನ ದನಿ ಮಾತ್ರ ಕಿವಿಯೊಳಗೆ ಬರುತ್ತಿತ್ತು.

“ಎಡಕ್ಕೆ ನೋಡು. ಹಿಂದೆ ನೋಡು. ಆಮೇಲೆ ಹೆಜ್ಜೆ ಇಡು ಕಂದ, ನಮಗೇನೂ ಅವಸರ ಇಲ್ಲ.”

ಪ್ಲಾಸ್ಟರ್ ಧೂಳಿನ ಆ ಕೋಣೆಯಲ್ಲಿ ಮಗಳಿಗೆ ಕಣ್ಣು ತುಂಬಿತು. ಊಟದ ಡಬ್ಬಿ ಹಾಗೇ ಉಳಿಯಿತು. ಮರುದಿನವೂ ಹೋದಳು. ಅದರ ಮರುದಿನವೂ. ಗುಬ್ಬಿಮರಿ ಎಡವಿದಳು, ದಾರಿ ತಪ್ಪಿದಳು, ವಿಷದ ಅಣಬೆ ತಿಂದಳು. ಪ್ರತಿಸಲ ದೀಪ ಓಡಿ ಬಂತು. ಎರಡನೇ ವಾರದಲ್ಲಿ ಅಮ್ಮ ಹಸಿರು ನಿಲುವಂಗಿಯನ್ನು ತೆಗೆದು ಅವಳಿಗೆ ಹೊದಿಸಿದಳು. “ನಿನಗೇ ಅಂತ ಇಟ್ಟಿದ್ದೆ” ಎಂದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಬಾಯಲ್ಲಿ ಅದೇ ಮಾತು. “ಒಂದು ಮಗು ಬರುತ್ತೆ ನೋಡು, ಗುಬ್ಬಿಮರಿ ಅಂತ. ಎಷ್ಟು ವಿಧೇಯ. ಹೇಳಿದ್ದನ್ನ ಹಾಗೇ ಕೇಳುತ್ತೆ. ನಿನ್ನ ಥರ ಎದುರಾಡಲ್ಲ.”

“ಅವಳಿಗೆ ಏನೂ ಬರಲ್ಲ, ಅದಕ್ಕೇ.”

“ಬರದಿದ್ರೆ ಏನೀಗ? ಮನಸ್ಸು ಮೃದು. ನಿನಗ್ಯಾಕೆ ಉರಿ?”

ಮಗಳು ತಟ್ಟೆ ಎತ್ತಿಕೊಂಡು ಎದ್ದಳು. ಪರರ ಮಕ್ಕಳ ಮೇಲೆ ಉರಿದುಕೊಂಡದ್ದು ಸಾಲದೆಂದು, ಈಗ ತಾನೇ ಹೆತ್ತ ಗೊಂಬೆಯ ಮೇಲೆ ತಾನೇ ಉರಿದುಕೊಳ್ಳುವ ಗತಿ ಬಂದಿತ್ತು. ಮಧ್ಯಾಹ್ನ ಸಿಕ್ಕಿದ್ದೆಲ್ಲ ಗುಬ್ಬಿಮರಿಗೆ ಜಮೆ. ಸಂಜೆ ಮನೆಗೆ ಬಂದ ಸಿಡಿಲಕ್ಕನಿಗೆ ಎಂದಿನಂತೆ ತಣ್ಣಗಿನ ಅನ್ನ.

ಭಾನುವಾರ ಮಧ್ಯಾಹ್ನ ಇಡೀ ತಂಡ ಕರಿಕೋಟೆಯ ಡ್ರ್ಯಾಗನ್ ಮೇಲೆ ಹೋಗುವುದೆಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಮುಂದೆ ಸಿಡಿಲಕ್ಕ, ಅವಳ ಹಿಂದೆ ದೀಪದಮ್ಮ. ಶನಿವಾರ ಸೇತುವೆಯ ಕಟ್ಟೆಯ ಮೇಲೆ ಕೂತು ಅಮ್ಮ ಗುಬ್ಬಿಮರಿಯನ್ನು ಕೇಳಿದಳು:

“ನಾಳೆ ಬರ್ತೀಯಾ ಕಂದ? ನಮ್ಮೋರು ಕೋಟೆಗೆ ಹೊರಟಿದ್ದಾರೆ. ನೀನು ಬರೋದಾದ್ರೆ ನಾನು ಹೋಗಲ್ಲ. ನಿನಗೆ ಹೊಳೆ ದಾಟೋದು ಹೇಳಿಕೊಡ್ತೀನಿ.”

ಬರಲ್ಲ ಎಂದು ಒತ್ತಿದ್ದರೆ ಮುಗಿಯುತ್ತಿತ್ತು. ಬೆರಳು ಕೀಲಿಮಣೆಯ ಮೇಲೆ ನಿಂತಿತು. ತನಗಾಗಿ ಅಮ್ಮ ಏನನ್ನಾದರೂ ಬಿಟ್ಟುಕೊಡುತ್ತಾಳೆ ಎಂಬ ಮಾತನ್ನು ಮಗಳು ಇದೇ ಮೊದಲು ಕೇಳಿದ್ದು. ಆಸೆಗೆ ಬುದ್ಧಿ ಎಲ್ಲಿಂದ ಬರಬೇಕು? “ಬರ್ತೀನಿ” ಎಂದು ಟೈಪ್ ಮಾಡಿಬಿಟ್ಟಳು.

ಭಾನುವಾರ ಮಗಳು ತನ್ನ ಕೋಣೆಯಲ್ಲಿ, ಅಮ್ಮ ಹಾಲ್‌ನಲ್ಲಿ ಕೂತರು. ನಡುವೆ ತೆರೆದ ಬಾಗಿಲು. ತಂಡ ಕೋಟೆಯ ಮುಂದೆ ಸೇರಿತ್ತು. ಸಿಡಿಲಕ್ಕ ಮಾತ್ರ ಅಲ್ಲಿಗೆ ಹೋಗದೆ ಸೇತುವೆಗೆ ಬಂದಳು. ದೀಪದಮ್ಮ ಅವಳಿಗೆ ಬೆನ್ನು ಹಾಕಿ, ಕಾಡಿನ ದಾರಿಯ ಕಡೆ ಮುಖ ಮಾಡಿ ನಿಂತಿದ್ದಳು.

“ಎಲ್ಲರೂ ಕಾಯ್ತಿದ್ದಾರೆ. ನಡಿ,” ಎಂದಳು ಮಗಳು ಕೋಣೆಯಿಂದಲೇ.

“ನೀವು ಹೋಗಿ. ಆ ಮಗು ಬರ್ತೀನಿ ಅಂದಿದೆ.”

“ಅವಳು ಬರಲ್ಲಮ್ಮ.”

“ನಿನಗೇನು ಗೊತ್ತು? ಮಾತಿಗೆ ತಪ್ಪೋ ಮಗು ಅಲ್ಲ ಅದು.”

“ನೀನಿಲ್ದೆ ನಾನು ಅಲ್ಲಿ ಸಾಯ್ತೀನಿ.”

“ನಿನಗೇನಾಗುತ್ತೆ? ನಿನ್ನನ್ನ ಎಲ್ಲಿ ಬಿಟ್ರೂ ಬದುಕಿ ಬರ್ತೀಯ. ಅದಕ್ಕೆ ಹಾಗಲ್ಲ, ನಾನಿಲ್ದಿದ್ರೆ ಗಾಬರಿ ಆಗುತ್ತೆ.” ಅಮ್ಮನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಮಗಳ ಬಗ್ಗೆ ಅವಳಿಗೆ ಅಷ್ಟು ನಂಬಿಕೆ.

ಸಿಡಿಲಕ್ಕನನ್ನು ಬಿಟ್ಟು ಗುಬ್ಬಿಮರಿಯಾಗಿ ಬರಲು ಒಂದು ಗಳಿಗೆ ಸಾಕಿತ್ತು. ಆದರೆ ಸಿಡಿಲಕ್ಕ ಅಲ್ಲಿಂದ ಮಾಯವಾದರೆ ಅಮ್ಮ ತಿರುಗಿಯೂ ನೋಡುವುದಿಲ್ಲ ಎಂಬುದು ಮಗಳಿಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಕಣ್ಣಾರೆ ಕಾಣುವ ಧೈರ್ಯ ಅವಳಿಗಿರಲಿಲ್ಲ. ಕೋಟೆಯಿಂದ ಕರೆಗಳು ಬಂದವು, ಆಮೇಲೆ ಬೈಗುಳ, ಆಮೇಲೆ ಅವರೂ ಸುಮ್ಮನಾದರು. ಮಗಳು ಎದ್ದು ಹಾಲ್‌ಗೆ ಬಂದು ಅಮ್ಮನ ಕುರ್ಚಿಯ ಹಿಂದೆ ನಿಂತಳು. ಹೇಳಿಬಿಡೋಣ ಎನಿಸಿತು.

“ಅಮ್ಮ, ಆ ಹುಡುಗಿ...”

“ಶ್, ಇರು. ಯಾರೋ ಬರ್ತಿದ್ದಾರೆ.”

ಕಾಡಿನ ತಿರುವಿನಲ್ಲಿ ಒಂದು ಆಕಾರ ಕಂಡಿತು. ಅಮ್ಮ ನೋಯುವ ಮಂಡಿಯನ್ನೂ ಮರೆತು ಕುರ್ಚಿಯ ತುದಿಗೆ ಸರಿದಳು. ಪರದೆಯ ಮೇಲೆ ದೀಪ ಎತ್ತರಕ್ಕೆ ಏರಿತು. ಬಂದವನು ಯಾವನೋ ದಾರಿಹೋಕ ಬಿಲ್ಲುಗಾರ. ಸೇತುವೆ ದಾಟಿ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಸಿಡಿಲಕ್ಕನನ್ನು ಸುತ್ತಿಹಾಕಿಕೊಂಡು ಹೊರಟುಹೋದ. ಅಮ್ಮ ದೀಪವನ್ನು ಕೆಳಗಿಳಿಸಲಿಲ್ಲ.