ಹೇಝಲಳಿಗಾಗಿ ಹಾಕಿಸಿದ ಕನೆಕ್ಷನ್

ಗಲ್ಫಿನ ಅಲ್ ಗುಬ್ರಾದಲ್ಲಿರುವ ನಮ್ಮ ಕಡೆಯ ಜನ ಮನೆಗೆ ಇಂಟರ್ನೆಟ್ ಹಾಕಿಸಬೇಕೆಂದರೆ ಮೊದಲು ಕೇಳುತ್ತಿದ್ದದ್ದು ಕಂಪನಿಯವರನ್ನಲ್ಲ, ವಿಕ್ಟರ್ ಮಥಾಯಸನನ್ನು. ಅವನೇನು ಆ ಕಂಪನಿಗಳಲ್ಲಿ ಕೆಲಸಕ್ಕಿದ್ದವನಲ್ಲ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಅಡ್ಮಿನ್. ಆದರೆ ಮನುಷ್ಯರಿಗೆ ಒಂದೊಂದು ಹುಚ್ಚು ಇರುತ್ತದಲ್ಲ! ಕೆಲವರಿಗೆ ಕಾರಿನ ಹುಚ್ಚು, ಕೆಲವರಿಗೆ ಊರಿನಲ್ಲಿ ಸೈಟು ನೋಡುವ ಹುಚ್ಚು, ಇವನಿಗೆ ಪ್ಲಾನ್ ಹೋಲಿಸುವ ಹುಚ್ಚು. ಯಾವ ಬಿಲ್ಡಿಂಗಿಗೆ ಫೈಬರ್ ಬಂದಿದೆ, ಯಾವ ಕಂಪನಿ ‘ಅನ್‌ಲಿಮಿಟೆಡ್’ ಎಂದು ದೊಡ್ಡದಾಗಿ ಬರೆದು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಮಿತಿ ಹಾಕಿದೆ, ಯಾರ ಒಪ್ಪಂದವನ್ನು ನಡುವೆ ಬಿಟ್ಟರೆ ದಂಡ ಬೀಳುತ್ತದೆ, ಎಲ್ಲ ಬಾಯಿಪಾಠ. ಹೆಂಡತಿ ಮಾರ್ಸೆಲಿನ್ ನೆಂಟರ ಮುಂದೆಯೇ ಗೇಲಿ ಮಾಡುತ್ತಿದ್ದಳು: “ನಮ್ಮ ಮದುವೆ ತಾರೀಕು ಕೇಳಿ ನೋಡಿ, ಗೊತ್ತಿಲ್ಲ. ಆಚೆ ಸೀಬ್ ಪೇಟೆಯಲ್ಲಿ ಯಾವ ಗಲ್ಲಿಗೆ ಎಷ್ಟು ಸ್ಪೀಡ್ ಉಂಟು, ಕೇಳಿ!”

ಇನ್ನೊಂದು ಕೆಲಸವೂ ಅವನ ತಲೆಗೆ ಬಿದ್ದಿತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ನಮ್ಮವರಿಗೆ ಇರುವುದು ಎರಡೇ ದಾರಿ. ಒಂದೋ, ಗಲ್ಫಿನಿಂದ ಮಗನೋ ಅಣ್ಣನೋ ಬಂದು ಮುಟ್ಟುವ ತನಕ ಶವವನ್ನು ಆಸ್ಪತ್ರೆಯ ಐಸಿನಲ್ಲಿಟ್ಟು ಕಾಯುವುದು. ಇಲ್ಲವೇ ಸ್ಟುಡಿಯೋದವನೊಬ್ಬನನ್ನು ಕರೆಸಿ, ಮನೆಯ ಪ್ರಾರ್ಥನೆಯಿಂದ ಹಿಡಿದು ಇಗರ್ಜಿಯ ಪೂಜೆ, ಸಿಮಿಟ್ರಿಯ ಮಣ್ಣಿನ ತನಕ ಎಲ್ಲವನ್ನೂ ಯೂಟ್ಯೂಬಿನಲ್ಲಿ ಲೈವ್ ಬಿಡುವುದು. ಕೊರೋನಾ ಕಾಲದಲ್ಲಿ ಬೇರೆ ಗತಿಯಿಲ್ಲದೆ ಶುರುವಾದದ್ದು ಆಮೇಲೆ ಅಭ್ಯಾಸವೇ ಆಗಿಹೋಯಿತು. ರಜೆ ಸಿಗದವರು, ಟಿಕೆಟ್ ಸಿಗದವರು, ಎರಡೂ ಸಿಕ್ಕಿ ಮನಸ್ಸು ಬಾರದವರು, ಎಲ್ಲರೂ ವಿಕ್ಟರನಿಗೆ ಫೋನ್ ಮಾಡುತ್ತಿದ್ದರು. ಅವನ ಉತ್ತರ ಯಾವಾಗಲೂ ಒಂದೇ. “ಕಾಯಿಸಬೇಡಿ. ಲೈವ್ ಇಡ್ಲಿಕ್ಕೆ ಹೇಳಿ. ಇಲ್ಲಿಯ ನೆಟ್ಟಿನ ಜವಾಬ್ದಾರಿ ನಂದು.”

ಗುರುವಾರ ಬೆಳಿಗ್ಗೆ ಅವನು ಆಫೀಸಿಗೆ ಹೊರಟು ಶೂಸಿಗೆ ಕಾಲು ತೂರಿಸುತ್ತಿದ್ದಾಗ ಊರು ಶಿರ್ವದಿಂದ ತಂಗಿ ಹೇಝಲಳ ಗಂಡ ಕ್ಲೇಟನ್ ಫೋನ್ ಮಾಡಿದ. ಹೇಝಲ್ ಬೆಳಿಗ್ಗೆ ಚಹಾಕ್ಕೆ ನೀರಿಟ್ಟವಳು ಅಲ್ಲೇ ಕುಸಿದುಬಿದ್ದಳಂತೆ. ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತಂತೆ. ಕ್ಲೇಟನ್ ಅಳುತ್ತ ಅಳುತ್ತಲೇ ಕೇಳಬೇಕಾದ್ದನ್ನು ಕೇಳಿದ. “ಬಾವ, ನೀವು ಬರ್ತೀರಲ್ಲ? ಎರಡು ದಿನ ಐಸಲ್ಲಿ ಇಡುವನಾ?”

ವಿಕ್ಟರನ ಬಾಯಿ ತೆರೆಯಿತು. ಏನು ಹೇಳುತ್ತಿದ್ದೇನೆಂದು ಅವನಿಗೆ ಹೊಳೆಯುವ ಮೊದಲೇ ಬಾಯಿ ಹೇಳಿಬಿಟ್ಟಿತು. “ಕಾಯಿಸಬೇಡಿ. ಲೈವ್ ಇಡ್ಲಿಕ್ಕೆ ಹೇಳು. ನಾನು ಇಲ್ಲಿಂದ ನೋಡ್ತೇನೆ.”

ಕ್ಲೇಟನ್, “ಸರಿ ಬಾವ. ಹಾಗಾದ್ರೆ ನಾಳೆ ನಾಲ್ಕು ಗಂಟೆಗೆ ಅಂತ ಫಾದರಿಗೆ ಹೇಳ್ತೇನೆ” ಎಂದ.

ಅಷ್ಟೇ. ತವರಿನಲ್ಲಿ ಹುಟ್ಟಿ ಬೆಳೆದದ್ದು ಅಣ್ಣ ತಂಗಿ ಇಬ್ಬರೇ. ಅಪ್ಪ ಅಮ್ಮ ಹೋಗಿ ವರ್ಷಗಳಾಗಿದ್ದವು. ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬಂದವಳೇ ಫೋನ್ ಮಾಡಿ, ಇವನಿಗೆ ಹೂಂ ಎನ್ನಲೂ ಬಿಡದೆ ಇಡೀ ಶಿರ್ವದ ಸುದ್ದಿ ಹೇಳುತ್ತಿದ್ದ ಹೇಝಲ್ ಇನ್ನಿಲ್ಲ ಎಂದರೆ ಅಳು ಬರಬೇಕಲ್ಲ, ಎದೆ ಹಿಂಡಬೇಕಲ್ಲ. ಏನೂ ಆಗಲಿಲ್ಲ. ಚುಚ್ಚುಮದ್ದು ಕೊಟ್ಟ ವಸಡಿನ ಹಾಗೆ ಒಳಗೆಲ್ಲ ಜೋಮು. ಅಡುಗೆಮನೆಗೆ ಹೋಗಿ ಹೆಂಡತಿಗೆ ಅವನು ಹೇಳಿದ ಮೊದಲ ಮಾತು, “ನಾಳೆಯೊಳಗೆ ನಮ್ಮ ನೆಟ್ ಬದಲಾಯಿಸಬೇಕು” ಎಂದು. ಹೇಝಲ್ ಹೋದ ಸುದ್ದಿ ಮಾರ್ಸೆಲಿನ್‌ಗೆ ಗೊತ್ತಾದದ್ದು ಆಮೇಲೆ ಶಿರ್ವದಿಂದ ಬಂದ ಫೋನಿನಲ್ಲಿ. ಅವಳು ದೋಸೆ ಕಾವಲಿಯ ಮುಂದೆಯೇ ಕೂತು ಅತ್ತಳು. ಇವನು ಒಲೆ ಆರಿಸಿ, ಲ್ಯಾಪ್‌ಟಾಪ್ ತೆರೆದು ಕೂತ.

ಊರಿಗೆಲ್ಲ ನೆಟ್ ಹಾಕಿಸಿಕೊಟ್ಟವನ ಸ್ವಂತ ಮನೆಯ ನೆಟ್ಟು ಮಾತ್ರ ದೇವರಿಗೇ ಪ್ರೀತಿ. ಎದುರಿಗೆ ಹೊಸ ಬಿಲ್ಡಿಂಗ್ ಎದ್ದ ಮೇಲೆ ರೂಟರಿಗೆ ಸಿಗ್ನಲ್ಲೇ ಇಲ್ಲ. ವಿಡಿಯೋ ಹಾಕಿದರೆ ಬಿಳಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬದಲಾಯಿಸಬೇಕು, ಬದಲಾಯಿಸಬೇಕು ಎಂದು ಹೇಳುತ್ತಲೇ ದಿನ ಕಳೆದಿದ್ದ. ಈಗ ಕೂತು ಒಂದೊಂದೇ ತೆರೆದು ನೋಡಿದ. ಮೊದಲನೇ ಕಂಪನಿಯ ಫೈಬರ್ ಇರುವುದರಲ್ಲಿ ಗಟ್ಟಿ, ಆದರೆ ತಂತಿ ಎಳೆಯುವವನು ಬರುವುದು ಮುಂದಿನ ವಾರ. ಎರಡನೆಯವರ ಫೈಬರ್ ಪಕ್ಕದ ಬಿಲ್ಡಿಂಗಿನ ತನಕ ಬಂದು ನಿಂತಿದೆ. ಮೂರನೆಯವರದು ಫೈವ್‌ಜಿ ರೂಟರ್. ಅಂಗಡಿಯಿಂದಲೇ ತಂದು ಪ್ಲಗ್ಗಿಗೆ ಹಾಕಿದರಾಯಿತು. ಆದರೆ ಟವರ್ ಯಾವ ದಿಕ್ಕಿಗಿದೆ, ಸಂಜೆ ಎಲ್ಲರೂ ಒಟ್ಟಿಗೆ ಕೂತಾಗ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ, ಡಾಟಾ ಮಿತಿ ದಾಟಿದರೆ ಎಳೆಯುತ್ತದೋ ಇಲ್ಲವೋ? ಇದನ್ನೆಲ್ಲ ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನೋಡುತ್ತ ಇರುವಷ್ಟು ಹೊತ್ತು ಹೇಝಲ್ ಸತ್ತಿರುವುದಿಲ್ಲ, ನಾಳೆ ಒಂದು ಕಾರ್ಯಕ್ರಮ ಇರುತ್ತದೆ, ಅಷ್ಟೇ. ಅದಕ್ಕೇ ಅವನು ಏಳಲೇ ಇಲ್ಲ.

ಮಾರ್ಸೆಲಿನ್ ಕಣ್ಣೊರಸಿಕೊಂಡು ಬಂದು ತನ್ನ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು.

“ಇವತ್ತಿನ ಫ್ಲೈಟಿಗೆ ಸೀಟ್ ಉಂಟು. ಕೊಚ್ಚಿಗೆ ಹೋಗಿ ಅಲ್ಲಿಂದ ಮಂಗಳೂರು. ನಾಳೆ ಮಧ್ಯಾಹ್ನದೊಳಗೆ ಶಿರ್ವದಲ್ಲಿ ಇರ್ತೀ. ಬ್ಯಾಗ್ ನಾನು ಕಟ್ತೇನೆ.”

“ಲೈವ್ ಅಂತ ಹೇಳಿ ಆಯ್ತಲ್ಲ.”

“ಹೇಳಿದ್ರೆ ಎಂತ ಆಯ್ತು? ಬರ್ತೇನೆ ಅಂತ ಈಗ ಹೇಳು!”

“ಸ್ಟುಡಿಯೋದವನಿಗೆ ಕ್ಲೇಟನ್ ಹೇಳಿಯಾಗಿದೆ. ಲಿಂಕೂ ಬಂತು, ನೋಡು.”

“ಎಂತ ಮಾರಾಯ ನಿಂಗೆ? ಇದು ನಿನ್ನ ತಂಗಿ. ಬೇರೆಯವರ ಮನೆಯ ಸಾವಲ್ಲ.”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಈ ಫೈವ್‌ಜಿಯವರದ್ದು ಬೆಡ್‌ರೂಮಿನ ಕಿಟಕಿಯಲ್ಲಿಟ್ಟರೆ ಸಿಗಬಹುದು. ಪವರ್ ಪ್ಲಾಂಟಿನ ಬದಿಗೆ ಅವರ ಟವರ್ ಉಂಟು” ಎಂದ. ಮಾರ್ಸೆಲಿನ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೆ ಇಪ್ಪತ್ತು ವರ್ಷ ಬಾಳಿದ ಗಂಡನ ಮುಖದಲ್ಲಿ ಬೈಸಿಕೊಳ್ಳುವಷ್ಟೂ ಜೀವ ಕಾಣದೆ ಅವಳು ಅಡುಗೆಮನೆಗೆ ನಡೆದಳು.

ಸಂಜೆ ಅವನೊಬ್ಬನೇ ಅಂಗಡಿಗೆ ಹೋದ. ಕೌಂಟರಿನಲ್ಲಿದ್ದ ಕೇರಳದ ಸೇಲ್ಸ್‌ಮನ್ ಒಳ್ಳೆಯ ಹುಮ್ಮಸ್ಸಿನವನು, ಹಿಂದಿಯಲ್ಲಿ ಮಾತಾಡಿಸಿದ. ಯಾವುದಕ್ಕೆ ಬೇಕು ಸಾರ್, ಮಕ್ಕಳ ಗೇಮಿಂಗಿಗಾ, ಸಿನೆಮಾಕ್ಕಾ, ಆಫೀಸ್ ಕೆಲಸಕ್ಕಾ?

“ಲೈವ್ ನೋಡ್ಲಿಕ್ಕೆ” ಎಂದ ವಿಕ್ಟರ್.

“ಓ, ಕ್ರಿಕೆಟ್!”

ವಿಕ್ಟರ್ ಒಂದು ಕ್ಷಣ ಅವನನ್ನು ನೋಡಿದ. ಆಮೇಲೆ ಹೌದು ಎಂದ.

“ಯಾರ ಮ್ಯಾಚ್ ಸಾರ್ ನಾಳೆ?”

“ನಮ್ಮದೇ.”

“ಹಾಗಾದ್ರೆ ಇದೇ ತಗೊಳ್ಳಿ. ಒಂದು ಬಾಲೂ ಮಿಸ್ ಆಗುವುದಿಲ್ಲ” ಎಂದು ಅವನು ನಗುತ್ತ ಡಬ್ಬ ಮುಂದಿಟ್ಟ. ವಿಕ್ಟರ್ ಸಹ ನಕ್ಕ. ನಕ್ಕದ್ದು ಅವನಿಗೆ ಕಾರಿನಲ್ಲಿ ಕೂತ ಮೇಲೆ ನೆನಪಾಯಿತು, ಆಗಲೂ ಏನೂ ಅನಿಸಲಿಲ್ಲ. ಬೀಚಿನ ಕಡೆಯಿಂದ ಬರುವ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಡಬ್ಬದ ಮೇಲಿದ್ದದ್ದನ್ನೆಲ್ಲ ಎರಡೆರಡು ಸಲ ಓದಿದ.

ಶುಕ್ರವಾರ ರಜೆಯಾದ್ದರಿಂದ ಬಿಲ್ಡಿಂಗಿನ ನಾಲ್ಕಾರು ಮನೆಯವರು ಮಧ್ಯಾಹ್ನವೇ ಬಂದು ಸೇರಿದರು. ಮೇಲಿನ ಮಹಡಿಯ ಡೆಸ್ಮಂಡ್ ಕುರ್ಚಿಗಳನ್ನು ಹೊತ್ತು ತಂದ. ಅವನ ಹೆಂಡತಿ ಅಡುಗೆ ಮಾಡಿ ತಂದಿದ್ದಳು. ಜಪಸರ ಹಿಡಿದು ಹೇಳುವ ತೇರ್ಸ್ ಪ್ರಾರ್ಥನೆ ಮುಗಿಯಿತು. ವಿಕ್ಟರ್ ಅಷ್ಟರಲ್ಲಿ ಕಿಟಕಿಯ ಬಳಿ ರೂಟರ್ ಇಟ್ಟು, ಟಿವಿಗೆ ಜೋಡಿಸಿ, ಸ್ಪೀಡ್ ಪರೀಕ್ಷೆ ಮಾಡಿ ಮಾಡಿ ತೃಪ್ತನಾಗಿದ್ದ. ತಂತಿಯಿಲ್ಲದ ನೆಟ್ಟಿಗೆ ಇಷ್ಟು ಬಂದದ್ದೇ ದೊಡ್ಡದು ಎಂದು ಅವನಿಗೆ ಒಳಗೊಳಗೇ ಸಮಾಧಾನವೂ ಆಗಿತ್ತು. ಪಾಪ, ಮನುಷ್ಯನಿಗೆ ಎಂಥೆಂಥದ್ದರಲ್ಲಿ ಸಮಾಧಾನ ಸಿಗುತ್ತದೆ ನೋಡಿ.

ಲೈವ್ ಶುರುವಾಯಿತು. ಹೇಝಲಳ ಅಂಗಳ, ಬಿಳಿ ಚಪ್ಪರ, ಪ್ಲಾಸ್ಟಿಕ್ ಕುರ್ಚಿಗಳು. ಕ್ಯಾಮೆರಾ ನಿಧಾನ ಒಳಗೆ ಹೋಯಿತು. ಪೆಟ್ಟಿಗೆಯಲ್ಲಿ ಹೇಝಲ್. ಮದುವೆಯ ಸೀರೆ ಉಡಿಸಿದ್ದರು. ಚಿತ್ರ ಎಷ್ಟು ಸ್ಪಷ್ಟವಿತ್ತೆಂದರೆ, ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತೂ ಕಾಣುತ್ತಿತ್ತು. ಸಣ್ಣವಳಿದ್ದಾಗ ವಿಕ್ಟರನ ಸೈಕಲಿನ ಹಿಂದಿನಿಂದ ಬಿದ್ದು ಆದದ್ದು. ಮಾರ್ಸೆಲಿನ್ ಬಿಕ್ಕಿದಳು. ವಿಕ್ಟರ್ ಕೈಕಟ್ಟಿ ನಿಂತು ನೋಡಿದ. ಹೇಝಲಳ ಮಗಳು ರೆನಿಟಾ ಬಗ್ಗಿ ತಾಯಿಯ ಹಣೆಗೆ ಮುತ್ತಿಟ್ಟಳು. ಕ್ಲೇಟನ್ ಇಟ್ಟ. ನೆರೆಯವರು, ನೆಂಟರು ಇಟ್ಟರು. ಮುಚ್ಚಳ ತಂದರು.

ಆಗ ವಿಕ್ಟರನಿಗೆ ಒಂದು ಆಸೆ ಹುಟ್ಟಿತು. ಚಿತ್ರ ಇಲ್ಲೇ ನಿಲ್ಲಲಿ. ಬಿಳಿ ಚಕ್ರ ತಿರುಗಲಿ. ಎಷ್ಟು ಮನೆಗಳಲ್ಲಿ, ಎಷ್ಟು ಸಾವುಗಳಲ್ಲಿ ಈ ಚಕ್ರ ತಿರುಗಿ ಜನ ಕಂಪನಿಯವರಿಗೆ ಶಾಪ ಹಾಕಿಲ್ಲ! ಇವತ್ತೊಂದು ದಿನ, ಅವಳ ಮುಖದ ಮೇಲೆ, ಒಂದೇ ಒಂದು ನಿಮಿಷ. ಆದರೆ ಅವನು ಆರಿಸಿ ತಂದ ನೆಟ್ಟು ನಿಲ್ಲಲಿಲ್ಲ. ಮುಚ್ಚಳ ಅಲ್ಲಿ ಬಿದ್ದ ಹಾಗೆಯೇ ಇಲ್ಲಿಯೂ ಬಿತ್ತು.

ಇಗರ್ಜಿಯ ಪೂಜೆಯೂ ಹಾಗೆಯೇ ಸಾಗಿತು. ಸಿಮಿಟ್ರಿಯಲ್ಲಿ ಹಾಡುವವರ ಮೈಕಿನ ಶಬ್ದದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಪೆಟ್ಟಿಗೆ ಕೆಳಗಿಳಿಯಿತು. ಕ್ಲೇಟನ್ ಒಂದು ಹಿಡಿ ಮಣ್ಣು ಹಾಕಿದ, ರೆನಿಟಾ ಹಾಕಿದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಇದ್ದಕ್ಕಿದ್ದ ಹಾಗೆ ಚಿತ್ರ ಓರೆಯಾಗಿ ಅಲುಗಾಡಿತು. ಕೆಂಪು ಮಣ್ಣು, ಯಾರದೋ ಕೈ, ಮತ್ತೆ ಆಕಾಶ. ವಿಕ್ಟರ್ ತಟ್ಟನೆ ಬೆಡ್‌ರೂಮಿಗೆ ಹೋಗಿ ರೂಟರ್ ನೋಡಿ ಬಂದ. ದೀಪಗಳೆಲ್ಲ ಸರಿಯಾಗಿಯೇ ಉರಿಯುತ್ತಿದ್ದವು. ಅವನು ಹಿಂತಿರುಗುವಷ್ಟರಲ್ಲಿ ಚಿತ್ರ ನೆಟ್ಟಗಾಗಿ, ಜನ ಸಾಲಾಗಿ ಮಣ್ಣು ಹಾಕುತ್ತಿದ್ದರು.

ಎಲ್ಲ ಮುಗಿದು ಜನ ಎದ್ದು ಹೊರಡುವಾಗ ಡೆಸ್ಮಂಡ್ ಅವನ ಭುಜದ ಮೇಲೆ ಕೈಯಿಟ್ಟ. ಸಾಂತ್ವನ ಹೇಳಲು ಮಾತು ಹುಡುಕಿ, ಸಿಗದೆ, ಬಾಯಿಗೆ ಬಂದದ್ದನ್ನು ಹೇಳಿದ. “ಒಂದು ಸಲವೂ ನಿಲ್ಲಲಿಲ್ಲ ಮಾರಾಯ. ಯಾವ ಪ್ಲಾನ್ ಇದು?”

ವಿಕ್ಟರ್ ಹೇಳಿದ. ಯಾವ ಕಂಪನಿ, ಎಷ್ಟು ಸ್ಪೀಡ್, ರೂಟರನ್ನು ಯಾವ ಬದಿಯ ಕಿಟಕಿಯಲ್ಲಿಡಬೇಕು, ಫೈಬರ್ ಬರುವ ತನಕ ಇದೇ ಯಾಕೆ ವಾಸಿ, ಎಲ್ಲ ಬಿಡಿಸಿ ಬಿಡಿಸಿ ಹೇಳಿದ. ಡೆಸ್ಮಂಡ್ ತಾನು ಯಾಕಾದರೂ ಕೇಳಿದೆನೋ ಎಂಬ ಮುಖ ಮಾಡಿಕೊಂಡು ನಿಂತ. ಕೊನೆಗೆ ಮಾರ್ಸೆಲಿನ್ ಬಂದು ಗಂಡನ ಕೈಹಿಡಿದು ಸೋಫಾದಲ್ಲಿ ಕೂರಿಸಿದಳು.

ಮನೆ ಖಾಲಿಯಾದ ಮೇಲೆ ರೆನಿಟಾ ಫೋನ್ ಮಾಡಿದಳು. ಅತ್ತು ಅತ್ತು ಸ್ವರವೇ ಬದಲಾಗಿತ್ತು. ತಾಯಿಯನ್ನು ಮಣ್ಣಿಗೆ ಕೊಟ್ಟು ಬಂದ ಮಗು ಅವನನ್ನು ವಿಚಾರಿಸಿಕೊಂಡಿತು.

“ಮಾಮ್, ನಿಮಗೆ ಸರಿ ಕಂಡಿತಾ? ಎಲ್ಲಿಯೂ ಕಟ್ ಆಗ್ಲಿಲ್ಲ ಅಲ್ವಾ?”

“ಇಲ್ಲ ಮಗಾ. ಎಲ್ಲ ಕ್ಲಿಯರ್ ಇತ್ತು. ಮಣ್ಣು ಹಾಕುವಾಗ ಒಮ್ಮೆ ಮಾತ್ರ ಅಲ್ಲಾಡಿತು. ಅದು ನಿಮ್ಮ ಕಡೆಯ ನೆಟ್ ಇರ್ಬೇಕು.”

“ನೆಟ್ ಅಲ್ಲ ಮಾಮ್.” ರೆನಿಟಾ ಮೂಗು ಒರೆಸಿಕೊಂಡಳು. “ಡ್ಯಾಡಿ ಹಾಕಿದ್ರು, ನಾನು ಹಾಕಿದೆ. ಮಮ್ಮಿಯ ತವರಿನಿಂದ ಯಾರು ಹಾಕ್ತೀರಿ ಅಂತ ಫಾದರ್ ಕೇಳಿದ್ರು. ನಿಮ್ಮನ್ನು ಬಿಟ್ರೆ ಯಾರಿದ್ದಾರೆ ಹೇಳಿ? ಎಲ್ಲರೂ ಸುಮ್ಮನೆ ನಿಂತ್ರು. ಆಗ ಆ ಕ್ಯಾಮೆರಾದವ್ರು, ‘ಅವರ ಅಣ್ಣ ಇದ್ರಲ್ಲಿ ನೋಡ್ತಾ ಇದ್ದಾರಲ್ಲ, ಅವರ ಪರವಾಗಿ ನಾನೇ ಹಾಕ್ತೇನೆ’ ಅಂದ್ರು. ಒಂದು ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡೇ ಬಗ್ಗಿದ್ರು. ಅದಕ್ಕೆ ಅಲ್ಲಾಡಿದ್ದು.”

ವಿಕ್ಟರ್ ಫೋನನ್ನು ಕಿವಿಗೆ ಒತ್ತಿ ಹಿಡಿದ. “ಯಾರವರು? ಹೆಸರೇನು?”

“ಗೊತ್ತಿಲ್ಲ ಮಾಮ್. ಸ್ಟುಡಿಯೋದವ್ರು. ಮಮ್ಮಿಯನ್ನು ಅವ್ರು ಮೊದಲು ನೋಡಿಯೇ ಇರ್ಲಿಲ್ಲ.”

ಅವಳು ಇನ್ನೂ ಏನೇನೋ ಹೇಳಿ ಫೋನ್ ಇಟ್ಟಳು. ವಿಕ್ಟರ್ ಎದ್ದ. ಅಡುಗೆಮನೆಯಲ್ಲಿ ಮಾರ್ಸೆಲಿನ್ ಬಂದವರ ಚಹಾದ ಲೋಟಗಳನ್ನು ತೊಳೆಯುತ್ತಿದ್ದಳು. ಅವನು ಬಾಗಿಲಿಗೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು, ಆದರೆ ಮತ್ತೆ ರೂಟರಿನ ಸಂಗತಿಯೇ ಇರಬೇಕೆಂದು ಅವಳು ತಿರುಗಲಿಲ್ಲ.

“ಮಾರ್ಸೆಲಿನ್” ಎಂದ ಅವನು. ಸ್ವರ ಕಿತ್ತು ಬಂತು. “ಮಾರ್ಸೆಲಿನ್, ನಮ್ಮ ಹೇಝಲ್ ತೀರಿಕೊಂಡಳು.”