ಬೀಳಲೊಲ್ಲದ ಸವಾರ

ಈಸ್ಟರ್ ಹಬ್ಬದಲ್ಲಿ ಸತ್ತ ದೊಬ್ರೊಗೊಸ್ತ್ ಪ್ರಭುವಿಗೆ ಬೇಸಿಗೆಯ ರೈ ಧಾನ್ಯದ ಕೊಯ್ಲು ಮುಗಿದರೂ ಮಣ್ಣಾಗಿರಲಿಲ್ಲ. ಬಡವ ಸತ್ತರೆ ಮರುದಿನವೇ ಗುಂಡಿ. ದೊಡ್ಡವರು ಸತ್ತರೆ ಹಾಗಲ್ಲ. ಲಿಥುವೇನಿಯಾದಿಂದ ನೆಂಟರು ಬರಬೇಕು, ಚರ್ಚಿನ ನಡುವೆ ಮನೆಯೆತ್ತರದ ಮಂಟಪ ಏಳಬೇಕು, ಶವಪೆಟ್ಟಿಗೆಯ ತಲೆಭಾಗಕ್ಕೆ ಮೊಳೆ ಹೊಡೆದು ಕೂರಿಸಲು ಸತ್ತವನ ಚಿತ್ರ ಬರೆಸಬೇಕು. ಚಿತ್ರಕಾರ ಮೂಗಿನ ಮೇಲಿನ ನರಹುಲಿಯನ್ನೂ ಬಿಡದೆ ಬರೆದಿದ್ದ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನವನ ಗತಿ ಏನಾಗಿತ್ತೆಂದು ಲುಬ್ಲಿನ್ ನಗರದ ಮೂಗುಗಳಿಗೆಲ್ಲ ಗೊತ್ತಿತ್ತು. ಸಂತ ಓನುಫ್ರಿ ಮಠದ ಹೊಸ ಚರ್ಚಿನಲ್ಲಿ ಧೂಪ ಹಾಕಿ ಹಾಕಿ ಸಂನ್ಯಾಸಿಗಳ ಕಣ್ಣು ಕೆಂಪಾಗಿದ್ದವು. ಆದರೂ ನಾತ ಹೋಗಲಿಲ್ಲ.

ಆ ನಾತದ ಎದುರಿಗೇ ಗಾವೆಲ್ ಕುದುರೆಯ ಮೇಲೆ ಕೂತಿದ್ದ. ಅವನು ಪ್ರಭುವಿನ ಲಾಯದ ಆಳು. ಎತ್ತರ, ಭುಜ ಎಲ್ಲ ಪ್ರಭುವಿನಷ್ಟೇ ಇದ್ದುದರಿಂದ ಸತ್ತವನ ವೇಷ ಅವನ ಪಾಲಿಗೆ ಬಂದಿತ್ತು. ಸತ್ತವನ ಕವಚ ತೊಟ್ಟು, ಸತ್ತವನ ಕುದುರೆಯೇರಿ ಚರ್ಚಿನೊಳಗೆ ಬರಬೇಕು. ಪ್ರವಚನ ಮುಗಿದು ಕಹಳೆ ಮೊಳಗಿದೊಡನೆ ಈಟಿ ಮುರಿದು, ಪೆಟ್ಟಿಗೆಯ ಮುಂದೆ ಧಡಾರನೆ ಬೀಳಬೇಕು. ಆಗ ಹೆಂಗಸರು ಗೊಳೋ ಎನ್ನುತ್ತಾರೆ, ಪೆಟ್ಟಿಗೆ ನೆಲಮಾಳಿಗೆಗೆ ಇಳಿಯುತ್ತದೆ. ಸವಾರ ಬೀಳುವ ತನಕ ಪ್ರಭು ಸತ್ತಂತೆಯೇ ಅಲ್ಲ. ಅವನನ್ನು ಮುಟ್ಟಿ ಕೆಡವಿದವನು ವರ್ಷದೊಳಗೆ ಅದೇ ದಾರಿ ಹಿಡಿಯುತ್ತಾನೆಂದು ಊರೆಲ್ಲ ನಂಬಿತ್ತು.

ಕವಚದೊಳಗೆ ಪ್ರಭುವಿನ ಹಳೇ ಬೆವರು ಇನ್ನೂ ಹುಳಿನಾರುತ್ತಿತ್ತು. ಶಿರಸ್ತ್ರಾಣದ ಒಳಬಟ್ಟೆಯಲ್ಲಿ ಅಂಟಿದ್ದ ಅವನ ನರೆಗೂದಲು ಗಾವೆಲ್‌ನ ತುಟಿಗೆ ಬಂದು ತಾಗಿತು. ಥೂ! ಉಗುಳಲೂ ಜಾಗವಿಲ್ಲ.

ಇದನ್ನೆಲ್ಲ ಅವನು ಒಪ್ಪಿದ್ದು ಅಮ್ಮನಿಗಾಗಿ. ಈ ಚರ್ಚು ನಿಂತ ಜಾಗ ಮಹಾಮಾರಿಯಲ್ಲಿ ಸತ್ತವರ ಸ್ಮಶಾನವಾಗಿತ್ತು. ಅವನಮ್ಮ ಅಲ್ಲೇ ಮಲಗಿದ್ದಳು. ಪ್ರಭುವಿಗೆ ಚರ್ಚು ಕಟ್ಟಿಸುವ ಹುಚ್ಚು ಹಿಡಿದಾಗ ಪಾಯ ತೋಡಿ, ಸಿಕ್ಕಿದ ಮೂಳೆಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಮಠದ ಹಂದಿದೊಡ್ಡಿಯ ಹಿಂದೆ ಸುರಿದಿದ್ದರು. ಹಂದಿಯೊಂದು ದವಡೆ ಮೂಳೆ ಕಚ್ಚಿಕೊಂಡು ಅಡ್ಡಾಡಿದ್ದನ್ನು ಗಾವೆಲ್ ಕಣ್ಣಾರೆ ಕಂಡಿದ್ದ. ಆ ಕ್ರಿಸ್‌ಮಸ್‌ಗೆ ಮಠದಿಂದ ಬಂದ ಸಾಸೇಜನ್ನು ಅವನು ನಾಯಿಗೂ ಹಾಕಲಿಲ್ಲ.

"ಚೆನ್ನಾಗಿ ಬೀಳು ಗಾವೆಲಾ," ಎಂದಿದ್ದ ಮಠದ ಹಿರಿಯ ಬೊನಿಫಾತ್ಸಿ. "ಸಂಜೆಯೊಳಗೆ ನಿಮ್ಮಮ್ಮನ್ನ ಪವಿತ್ರ ಮಣ್ಣಿಗೆ ಸೇರಿಸೋದು ನನ್ನ ಜವಾಬ್ದಾರಿ."

ಈಗ ಅದೇ ಬೊನಿಫಾತ್ಸಿ ಪ್ರವಚನಪೀಠದಲ್ಲಿ ನಿಂತು ಚರ್ಚಿನ ಚರಿತ್ರೆ ಹೇಳುತ್ತಿದ್ದ. ಮೈತಿರುಚಿದ ಕಂಬಗಳ ಮೇಲೆ, ಚಿನ್ನದ ರೇಕು ಬಳಿಸಿಕೊಂಡ ಗುಂಡುಗೆನ್ನೆಯ ದೇವದೂತರು ಉಂಡು ತೇಗುವವರ ಹಾಗೆ ಕೂತು ಕೇಳುತ್ತಿದ್ದರು.

"ಮಕ್ಕಳೇ, ಇಲ್ಲಿ ಏನಿತ್ತು? ಬರೀ ಜೌಗು! ಕಪ್ಪೆ, ಜೊಂಡು! ಸಂತ ಓನುಫ್ರಿ ನಮ್ಮ ಪ್ರಭುಗಳ ಕನಸಲ್ಲಿ ಬಂದು ಬೆರಳು ತೋರ್ಸಿದ್ದು ಈ ಜಾಗಾನೇ. ಅದಕ್ಕೆ ಮೊದಲು ಇಲ್ಲಿ ಒಬ್ಬ ಮನುಷ್ಯ ಬಾಳಿಲ್ಲ, ಒಬ್ಬ ಮನುಷ್ಯ ಸತ್ತಿಲ್ಲ!"

ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕಂತೆ. ಬೊನಿಫಾತ್ಸಿ ಹಾಗೆಯೇ ಹೇಳಿದ. ಗಾವೆಲ್‌ಗೆ ಹೇಸಿಗೆಯಾದದ್ದು ಅವನನ್ನು ಕಂಡಲ್ಲ. ತಲೆದೂಗುತ್ತಿದ್ದ ಜನರನ್ನು ಕಂಡು. ಇದೇ ನೆಲದಲ್ಲಿ ಅಪ್ಪನನ್ನು ಹೂತವನು, ಕೂಸನ್ನು ಹೂತವಳು, ಎಲ್ಲರೂ ಕಪ್ಪೆಯ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ಸತ್ತೇ ಇಲ್ಲವೆಂದ ಮೇಲೆ ಸಂಜೆ ಇವನು ಯಾರನ್ನು ಹೂಳುತ್ತಾನೆ?

ಕಹಳೆ ಮೊಳಗಿತು. ಗಾವೆಲ್ ಬೀಳಲಿಲ್ಲ.

ಮತ್ತೊಮ್ಮೆ ಊದಿದರು. ಕುದುರೆ ಅಮೃತಶಿಲೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು, ಅಷ್ಟೇ. ಬೊನಿಫಾತ್ಸಿ ಪೀಠವಿಳಿದು ಬಂದು ಹಲ್ಲುಕಚ್ಚಿ ಪಿಸುಗುಟ್ಟಿದ:

"ಬೀಳೋ ಕತ್ತೆ!"

"ನಮ್ಮಮ್ಮನ ಮೂಳೆ, ಫಾದರ್?"

"ಯಾವ ಮೂಳೆ? ಕಿವಿ ಕೇಳ್ಸಲ್ವಾ ನಿಂಗೆ? ಇದು ಜೌಗು!"

ಗಾವೆಲ್ ಮುಖದ ಕಬ್ಬಿಣವನ್ನು ಮೇಲೆತ್ತಲಿಲ್ಲ. ಅದರೊಳಗಿನಿಂದಲೇ, ಲಾಯದಲ್ಲಿ ಜೀವಮಾನವಿಡೀ ಬೈಸಿಕೊಂಡು ಬಾಯಿಪಾಠವಾಗಿದ್ದ ಒಡೆಯನ ದನಿಯಲ್ಲಿ ಗುಡುಗಿದ: "ನಾನು ದೊಬ್ರೊಗೊಸ್ತ್! ಇಲ್ಲಿ ಸ್ಮಶಾನ ಇತ್ತು. ಅಗೆಸಿದೋನು ನಾನು. ನಿಮ್ಮ ಅಪ್ಪ-ಅಮ್ಮಂದಿರ್ನ ಹಂದಿಗೆ ಹಾಕಿಸಿದೋನೂ ನಾನೇ. ಮೊದ್ಲು ಅವ್ರನ್ನ ಮಣ್ಣು ಮಾಡಿ. ಆಮೇಲೆ ಬೀಳ್ತೀನಿ."

ಹಿಂದೆಲ್ಲೋ ಒಬ್ಬ ಮುದುಕಿ ಬಿಕ್ಕಿದಳು. ಆ ಅಳು ಕಪ್ಪೆಗಾಗಿ ಅಲ್ಲ.

"ಎಳೆದು ಹಾಕ್ರೋ ಅವನ್ನ!" ಎಂದ ಬೊನಿಫಾತ್ಸಿ. ಸಂನ್ಯಾಸಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತವನನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ಆಗ ಪ್ರಭುವಿನ ವಿಧವೆ ಕೊರ್ದುಲಾ ಎದ್ದಳು. ನಾತ ತಡೆಯಲು ವಿನೆಗರಿನಲ್ಲಿ ಅದ್ದಿದ ಕರವಸ್ತ್ರ ಬೆಳಗಿನಿಂದ ಅವಳ ಮೂಗು ಬಿಟ್ಟಿರಲಿಲ್ಲ. "ಬದುಕಿದ್ದಾಗ ಇವ್ರ ಬಾಯಿಂದ ಒಂದು ನಿಜ ಬಂದಿರ್ಲಿಲ್ಲ," ಎಂದಳು. "ಸತ್ತ ಮೇಲಾದ್ರೂ ಬಂತಲ್ಲ. ಇವ್ರು ಹೇಳಿದ್ದು ಮಾಡ್ಸಿ ಫಾದರ್. ಇನ್ನೊಂದು ದಿನ ಈ ನಾತ ನನ್ನ ಕೈಲಿ ಆಗಲ್ಲ."

"ಒಡತೀ, ಅವರಿಗೆ ಗುಂಡಿ ಎಲ್ಲಿದೆ ಈಗ?"

"ಇಲ್ಲೇ ಇದೆಯಲ್ಲ, ಬಾಯಿ ತೆರ್ಕೊಂಡು." ಅವಳು ಗಂಡನಿಗಾಗಿ ತೆರೆದಿಟ್ಟ ನೆಲಮಾಳಿಗೆಯನ್ನು ತೋರಿಸಿದಳು.

ದಯೆಯಲ್ಲ, ಧರ್ಮವಲ್ಲ, ಕೊನೆಗೆ ಗೆದ್ದದ್ದು ದುರ್ನಾತ. ರೇಷ್ಮೆಯ ನಿಲುವಂಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂನ್ಯಾಸಿಗಳು ಹಂದಿಯ ಕೆಸರು ಕೆದಕಿದರು. ಬುಟ್ಟಿಗಳು ಬಂದವು. ತಲೆಬುರುಡೆಗಳಿಗೆ ಹಂದಿಯ ಹೇಲು ಮೆತ್ತಿತ್ತು. ಒಂದಕ್ಕೆ ಹಲ್ಲಿನ ಗುರುತಿತ್ತು. ಜನ ಮುಖ ತಿರುಗಿಸಿದರು. ಗಾವೆಲ್ ತಿರುಗಿಸಲಿಲ್ಲ. ಕಡೆಯ ಬುಟ್ಟಿ ಇಳಿದು, ಅದರ ಮೇಲೆ ಬೊನಿಫಾತ್ಸಿ ತೀರ್ಥ ಚಿಮುಕಿಸುವ ತನಕ ಕುದುರೆಯ ಮೇಲೆ ಅಲ್ಲಾಡದೆ ಕೂತಿದ್ದ. ಆಮೇಲೆ ಈಟಿ ಮುರಿದು, ಕೈಬಿಟ್ಟು, ಕವಚದ ಸಮೇತ ಧಡಾರನೆ ಬಿದ್ದ. ಪ್ರಭುವಿನ ಪೆಟ್ಟಿಗೆ ಆ ಮೂಳೆಗಳ ಮೇಲೆಯೇ ಇಳಿಯಿತು.

ಬೊನಿಫಾತ್ಸಿ ಬಗ್ಗಿ ಅವನ ಕಿವಿಯಲ್ಲಿ ಅಣಕಿಸಿದ: "ಅಷ್ಟು ಮೂಳೆಗಳಲ್ಲಿ ನಿಮ್ಮಮ್ಮ ಯಾವುದು ಅಂತ ಗೊತ್ತಾಯ್ತೇನೋ?"

"ಇಲ್ಲ ಫಾದರ್," ಎಂದ ಗಾವೆಲ್ ನೆಲದಲ್ಲೇ ಮಲಗಿ. "ಅದಕ್ಕೇ ಎಲ್ಲರನ್ನೂ ತರಿಸಿದ್ದು."